ವರ್ಷಕ್ಕೊಮ್ಮೆ ಮೀಯುವ ಅಂಗಿ

ನಮ್ಮ ಕ್ಲಬ್ಬಿನ ಮ್ಯೂಸಿಯಂ ನೋಡಲು ಹೊರಗಿನಿಂದ ಬಂದವರು ಒಳಗೆ ಕಾಲಿಟ್ಟ ಕೂಡಲೇ ಕೇಳುವುದು, ಇಷ್ಟೇನಾ ಅಂತ. ಹೌದು, ಇಷ್ಟೇ. ಪೂರ್ವದ ಗ್ಯಾಲರಿಯ ಮೆಟ್ಟಿಲುಗಳ ಅಡಿಯಲ್ಲಿ ಒಂದು ಉದ್ದನೆಯ ಕೋಣೆ, ಸಮುದ್ರದ ಕಡೆಗೆ ಕಿಟಕಿ, ಗೋಡೆಯುದ್ದಕ್ಕೂ ಗಾಜಿನ ಕಪಾಟು. ಮೇಲೆ ಜನ ಕುಣಿದರೆ ಸುಣ್ಣ ನಮ್ಮ ತಲೆಯ ಮೇಲೆ ಉದುರುತ್ತದೆ. ದೊಡ್ಡ ಊರುಗಳ ಕ್ಲಬ್ಬುಗಳಲ್ಲಿ ಬಣ್ಣದ ದೀಪ, ಪರದೆ, ತಾನಾಗಿ ಮಾತಾಡುವ ಗೊಂಬೆ ಎಲ್ಲ ಇವೆಯಂತೆ. ಇರಲಿ ಪಾಪ. ಅಲ್ಲಿನ ಚೆಂಡುಗಳು ಸತ್ತ ಚೆಂಡುಗಳು. ನಮ್ಮದು ಮಳೆ ಬರುವ ಮುಂಚೆ ಉಬ್ಬುತ್ತದೆ.

ನಾನು ವೆನಿಂಗ್, ಈ ಕೋಣೆಯನ್ನು ನೋಡಿಕೊಳ್ಳುವವಳು. ನಮ್ಮ ಕರಂಗ್‌ಮಾಸ್ ಜಾವಾದ ಉತ್ತರ ತೀರದ ಊರು. ಉಪ್ಪು, ಮೀನು, ಬಿಂತಾಂಗ್ ಲಾವುತ್ ಎಂಬ ಫುಟ್ಬಾಲ್ ಕ್ಲಬ್ಬು, ಈ ಮೂರು ಬಿಟ್ಟರೆ ಇಲ್ಲಿ ಬೇರೇನೂ ಬೆಳೆಯುವುದಿಲ್ಲ. ಮಧ್ಯಾಹ್ನದ ಹೊತ್ತು ಉಪ್ಪಿನ ಗದ್ದೆಗಳು ಹೊಳೆಯಲು ತೊಡಗಿದರೆ ಯಾವುದು ನೀರು, ಯಾವುದು ಆಕಾಶ ಎಂದು ಗೊತ್ತಾಗದೆ ಊರಿಗೆ ಊರೇ ಎರಡರ ನಡುವೆ ತೂಗುತ್ತಿರುತ್ತದೆ. ಆ ಹೊತ್ತಿನಲ್ಲಿ ಈ ಕೋಣೆಯಲ್ಲಿ ಕೂತರೆ ಕಪಾಟಿನೊಳಗಿನ ಬೂಟುಗಳು ಮಗ್ಗುಲು ಬದಲಿಸುವ ಸದ್ದು ನನಗೆ ಕೇಳಿಸುತ್ತದೆ. ನಿಮಗೆ ಕೇಳಿಸದಿದ್ದರೆ ಅದಕ್ಕೆ ನಾನೇನು ಮಾಡಲಿ.

ಮ್ಯೂಸಿಯಂ ಶುರುವಾದದ್ದು ನಮ್ಮ ಮನೆಯ ಅಕ್ಕಿ ಕಪಾಟಿನಲ್ಲಿ. ನಮ್ಮಪ್ಪ ಕಸ್ದಿ ಕ್ಲಬ್ಬಿನ ಬಟ್ಟೆ ಒಗೆಯುತ್ತಿದ್ದವರು. ನಾನು ಹುಟ್ಟುವುದಕ್ಕೆ ಮುಂಚೆ, ಆಟಗಾರರಲ್ಲಿ ಅರ್ಧ ಜನ ಬರಿಗಾಲಲ್ಲಿ ಆಡುತ್ತಿದ್ದ ಕಾಲದಲ್ಲಿ, ನಮ್ಮವರು ಸೆಮರಾಂಗ್ ಎಂಬ ದೊಡ್ಡ ಊರಿಗೆ ಹೋಗಿ, ಅಲ್ಲಿಯ ತಂಡವನ್ನು ಸೋಲಿಸಿ ‘ಬಂದರು ಕಪ್’ ಗೆದ್ದರು. ಕಪ್ಪನ್ನು ಪುರಸಭೆಯವರು ತಗೊಂಡುಹೋದರು. ಆಟಗಾರರು ಒಬ್ಬೊಬ್ಬರಾಗಿ ಬಂದು ಅಪ್ಪನ ಹತ್ತಿರ ಒಂದೊಂದು ವಸ್ತು ಇಟ್ಟು ಹೋದರು. ಫೈನಲ್ಲಿನ ಚೆಂಡು ಬಂತು, ಕ್ಯಾಪ್ಟನ್ನನ ಬೂಟು ಬಂತು, ರೆಫ್ರಿಯ ಸೀಟಿಯೂ ಬಂತು. ಅದು ನಮ್ಮಲ್ಲಿಗೆ ಹೇಗೆ ಬಂತು ಎಂದು ಕೇಳಬೇಡಿ, ರೆಫ್ರಿ ಕೊಟ್ಟದ್ದಂತೂ ಅಲ್ಲ. ಅಮ್ಮ ಗೊಣಗುತ್ತಲೇ ಅಕ್ಕಿಯನ್ನು ಡಬ್ಬಿಗೆ ಸುರಿದಳು.

ಸುರೋ ತಿಂಗಳು ಬಂತು. ಸುರೋ ಅಂದರೆ ನಮ್ಮಲ್ಲಿ ಹಿರಿಯರ ವಸ್ತುಗಳನ್ನೆಲ್ಲ ಮೀಯಿಸುವ ತಿಂಗಳು. ಮನೆಯಲ್ಲಿ ಅಜ್ಜನ ಕಠಾರಿ ಇದ್ದವರು ಅದನ್ನು ಮೀಯಿಸುತ್ತಾರೆ, ಗಂಟೆ ಜಾಗಟೆ ಇದ್ದವರು ಅವನ್ನು. ಏಳು ಬಾವಿಯ ನೀರು, ನಿಂಬೆರಸ, ಮಲ್ಲಿಗೆ, ಗುಲಾಬಿ, ಸಾಂಬ್ರಾಣಿಯ ಹೊಗೆ. ಮೀಯಿಸದೆ ಬಿಟ್ಟರೆ ವಸ್ತು ಮುನಿಸಿಕೊಳ್ಳುತ್ತದೆ. ಹಾಗಿದ್ದ ಮೇಲೆ ಸೆಮರಾಂಗನ್ನು ಸೋಲಿಸಿದ ಚೆಂಡನ್ನು ಬಿಡುವುದುಂಟೇ? ಅಪ್ಪ ಹಿತ್ತಿಲಲ್ಲಿ ಹಿತ್ತಾಳೆ ಬೋಗುಣಿ ಇಟ್ಟರು, ಮಸೀದಿಯ ಹಿರಿಯರು ಬಂದು ದುಆ ಓದಿದರು, ಕಪಾಟಿನಲ್ಲಿದ್ದದ್ದೆಲ್ಲ ಒಂದೊಂದಾಗಿ ನೀರಿಗಿಳಿಯಿತು. ಮೀಯಿಸಿದ ನೀರಿಗೆ ಜನ ಸೀಸೆ ಹಿಡಿದು ಮುಗಿಬಿದ್ದರು. ಬೆಸ್ತರು ಅದನ್ನು ದೋಣಿಯ ಮೂತಿಗೆ ಬಳಿದರು, ತಾಯಂದಿರು ತಡವಾಗಿ ನಡೆಯುವ ಮಕ್ಕಳ ಮೊಣಕಾಲಿಗೆ ಸವರಿದರು. ಅರಿಶಿನದ ಅನ್ನ ತಿಂದು ಎಲ್ಲರೂ ಮನೆಗೆ ಹೋದರು. ಇದು ಸರಿಯೇ ಎಂದು ಯಾರೂ ಕೇಳಲಿಲ್ಲ. ಅನ್ನ ಬೇಯಿಸುವುದು ಸರಿಯೇ ಎಂದು ಯಾರಾದರೂ ಕೇಳುತ್ತಾರೆಯೇ?

ಆಮೇಲೆ ನಮ್ಮ ಮ್ಯೂಸಿಯಂ ಬಾಡಿಗೆದಾರನ ಹಾಗೆ ಮನೆ ಬದಲಾಯಿಸುತ್ತ ಬಂತು. ನೆರೆ ಬಂದಾಗ ಕಪಾಟು ಕ್ಷೌರದಂಗಡಿಗೆ ಹೋಯಿತು. ಅಲ್ಲಿನ ಕನ್ನಡಿಗಳಲ್ಲಿ ನಮ್ಮ ಒಂದು ಚೆಂಡು ಊರಿಗಾಗುವಷ್ಟು ಚೆಂಡುಗಳಾಗಿ ಕಾಣುತ್ತಿತ್ತು, ಗಡ್ಡ ಕೆರೆಸಿಕೊಳ್ಳಲು ಬಂದವರು ಅದನ್ನೇ ನೋಡುತ್ತ ನಿದ್ದೆ ಹೋಗುತ್ತಿದ್ದರಂತೆ. ಅಲ್ಲಿಂದ ಮೀನು ಹರಾಜಿನ ಕಟ್ಟೆಯ ಅಟ್ಟಕ್ಕೆ, ಕೊನೆಗೆ ಇಲ್ಲಿಗೆ. ಎಲ್ಲಿಗೆ ಹೋದರೂ ಸುರೋದ ಸ್ನಾನ ಮಾತ್ರ ತಪ್ಪಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಬೋಗುಣಿ ನನ್ನ ಕೈಗೆ ಬಂತು. ವಸ್ತುಗಳೂ ಮಿಂದು ಮಿಂದು ನುಣುಪಾದವು. ಚೆಂಡಿನ ಹೊಲಿಗೆ ಅಳಿಸಿತು, ಬೂಟಿನ ಮೂತಿ ಸವೆಯಿತು. ಕಪ್ ಗೆದ್ದ ಆ ತಂಡದ ಗೋಲ್‌ಕೀಪರ್ ದರ್ಸೋನೋನ ಅಂಗಿಯಂತೂ ಮೊದಲು ಕಡುನೀಲಿ ಇದ್ದದ್ದು, ಬರಬರುತ್ತ ಬೆಳಗಿನ ಜಾವದ ಸಮುದ್ರದ ಬಣ್ಣಕ್ಕೆ ಬಂತು. ನಮಗೆ ಅದೇ ಚಂದ ಅನಿಸುತ್ತಿತ್ತು.

ಹೋದ ವರ್ಷ, ಸುರೋಗೆ ಇನ್ನೂ ಎರಡು ತಿಂಗಳು ಇದ್ದಾಗ, ಒಂದು ಮಧ್ಯಾಹ್ನ ಎಸ್ತಿ ಬಂದಳು. ಎಸ್ತಿ ನಮ್ಮೂರ ಆಸ್ಪತ್ರೆಯ ನರ್ಸು, ದರ್ಸೋನೋನ ಮೊಮ್ಮಗಳು. ಅವಳ ಅಜ್ಜಿ ತುಮಿರಾ, ದರ್ಸೋನೋನ ಹೆಂಡತಿ, ಇನ್ನೂ ಬದುಕಿದ್ದಳು. ಕಣ್ಣು ಪೂರ್ತಿ ಮಂಜಾಗಿತ್ತು. ಎದೆಯಲ್ಲಿ ನೀರು ತುಂಬುತ್ತಿದೆ, ಹೆಚ್ಚು ದಿನ ಇಲ್ಲ ಎಂದು ಎಸ್ತಿ ಹೇಳಿದಳು. ಹೇಳಿ, ಕಪಾಟಿನ ಆ ಅಂಗಿಯನ್ನೇ ನೋಡುತ್ತ ನಿಂತಳು.

ದರ್ಸೋನೋನ ಕತೆ ಊರಿಗೆಲ್ಲ ಗೊತ್ತು. ಗೆಲ್ಲುತ್ತಿರುವಾಗ ಅಂಗಿ ಒಗೆಯಬಾರದು ಎಂದು ಗೋಲ್‌ಕೀಪರುಗಳು ನಂಬಿದ್ದ ಕಾಲ ಅದು. ಆ ವರ್ಷ ಒಂದೂ ಸೋಲಿಲ್ಲ, ಆದ್ದರಿಂದ ಅವನ ಅಂಗಿ ನೀರನ್ನೇ ಕಂಡಿರಲಿಲ್ಲ. ಫೈನಲ್ಲಿನ ಕೊನೆಯಲ್ಲಿ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು, ಇವನು ಚೆಂಡನ್ನು ಎದೆಗೆ ಅವಚಿಕೊಂಡು ಕೆಸರಿಗೆ ಬಿದ್ದ, ಕಪ್ ನಮ್ಮದಾಯಿತು. ಮುಂದಿನ ಗಾಳಿಯ ಕಾಲದಲ್ಲಿ ಉಪ್ಪಿನ ದೋಣಿ ಹತ್ತಿ ಬೊರ್ನಿಯೋ ಕಡೆಗೆ ಹೋದ. ದೋಣಿಯೂ ಬರಲಿಲ್ಲ, ಹಲಗೆಯೂ ತೇಲಿ ಬರಲಿಲ್ಲ. ತುಮಿರಾಗೆ ಆಗ ಹೊಟ್ಟೆಯಲ್ಲಿ ಕೂಸು. ಕೆಲವು ವಾರ ಕಳೆದು ಅವಳು ಆ ಅಂಗಿಯನ್ನು ಬಾಳೆಲೆಯಲ್ಲಿ ಸುತ್ತಿ ತಂದು ಅಪ್ಪನ ಕೈಗೆ ಕೊಟ್ಟು, ಇಟ್ಟುಕೋ ಎಂದು ಹೇಳಿ ಹೋದಳು. ಅದಾದ ಮೇಲೆ ಕಪಾಟು ಎಲ್ಲೆಲ್ಲಿಗೆ ಹೋಯಿತೋ ಅಲ್ಲೆಲ್ಲೂ ಅವಳು ಕಾಲಿಡಲಿಲ್ಲ. ಅಲ್ಲಿ ತೂಗುಹಾಕುವುದು ಸತ್ತವರ ಬಟ್ಟೆ, ನನ್ನ ಗಂಡ ಸತ್ತಿಲ್ಲ ಎನ್ನುತ್ತಿದ್ದಳಂತೆ. ಬೇರೆ ಮದುವೆಗೂ ಒಪ್ಪಲಿಲ್ಲ.

ಈಗ ಎಸ್ತಿ ಬಂದದ್ದು ಅಜ್ಜಿಯ ಮಾತು ಹೊತ್ತು.

"ಅಜ್ಜಿಗೆ ಅಜ್ಜನ ಮುಖ ಮರ್ತೋಗಿದ್ಯಂತೆ ಅಕ್ಕ. ಧ್ವನೀನೂ ಹೋಯ್ತಂತೆ," ಎಂದಳು. "ವಾಸನೆ ಒಂದು ನೆನಪಿದೆ, ಅದೂ ಹೋಗೋಕೆ ಮುಂಚೆ ಆ ಅಂಗೀನ ಒಂದ್ಸಲ ಮೂಸಿ ನೋಡ್ಬೇಕು ಅಂತಾರೆ. ಇಷ್ಟು ವರ್ಷ ಅದು ಇದೆ ಅನ್ನೋ ಧೈರ್ಯದ ಮೇಲೇ ಇದ್ದೆ ಅಂತಾರೆ."

ಆ ಅಂಗಿ ವರ್ಷವರ್ಷವೂ ಮಿಂದದ್ದು ಎಸ್ತಿಗೂ ಗೊತ್ತಿತ್ತು, ಚಿಕ್ಕವಳಿದ್ದಾಗ ಅವಳೇ ಎಷ್ಟೋ ಸುರೋಗಳಲ್ಲಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದಾಳೆ. ಅಜ್ಜಿಗೆ ಯಾರೂ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ, ಹೇಳಬೇಕಾದ ವಿಷಯ ಅದು ಎಂದು ಯಾರಿಗೂ ಹೊಳೆದೇ ಇರಲಿಲ್ಲ. ಎಸ್ತಿ ಹೊರಟ ಮೇಲೆ ನಾನು ಕಪಾಟು ತೆಗೆದು ಅಂಗಿಯಲ್ಲಿ ಮುಖ ಹುದುಗಿಸಿದೆ. ನಿಂಬೆ, ಮಲ್ಲಿಗೆ, ಸಾಂಬ್ರಾಣಿ. ಮನುಷ್ಯರ ವಾಸನೆ ಎಳ್ಳಷ್ಟೂ ಇಲ್ಲ. ಊರೆಲ್ಲ ಸೇರಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಿದ್ದೆವು.

ಕ್ಲಬ್ಬಿನ ಅಧ್ಯಕ್ಷ ಸುತೇಜೋ ಮಂಜುಗಡ್ಡೆ ಕಾರ್ಖಾನೆಯ ಮಾಲೀಕ. ಅವನ ಹತ್ತಿರ ಹೋಗಿ ವಿಷಯ ಹೇಳಿದೆ. ಇದಕ್ಕೇನು ದಾರಿ ಇಲ್ಲವೇ, ವಾಸನೆ ತಾನೇ, ತಂದರಾಯಿತು ಎಂದ. ಆ ತಂಡದಲ್ಲಿ ಇನ್ನೂ ಉಸಿರಾಡುತ್ತಿದ್ದವನು ರೈಟ್ ಬ್ಯಾಕ್ ಆಡುತ್ತಿದ್ದ ಸಕೀಮನ್ ಅಜ್ಜ ಒಬ್ಬನೇ. ಅವನನ್ನು ಕರೆಸಿ ದರ್ಸೋನೋನ ಮೈ ಹೇಗೆ ನಾರುತ್ತಿತ್ತು ಎಂದು ವಿಚಾರಿಸಿದರು. ಅಜ್ಜ ಕಣ್ಣು ಮುಚ್ಚಿ ಬಹಳ ಹೊತ್ತು ಕೂತ. ನಿದ್ದೆ ಬಂತೇನೋ ಅಂದುಕೊಳ್ಳುವಷ್ಟರಲ್ಲಿ, ತೆಂಗಿನೆಣ್ಣೆ, ಲವಂಗದ ಸಿಗರೇಟು, ಉಪ್ಪು ಎಂದ. ಇನ್ನೂ ಕೆದಕಿದಾಗ, ನಾನು ಅವನ ಮುಂದೆ ನಿಂತು ಆಡ್ತಿದ್ದೆ, ವಾಸನೆ ಹಿಂದಿನಿಂದ ಬರ್ತಿತ್ತು, ಪೂರ್ತಿ ಹೇಗೆ ಹೇಳಲಿ ಎಂದು ರೇಗಿದ.

ಈಗಿನ ಗೋಲ್‌ಕೀಪರ್ ಗಿಲಾಂಗ್ ಬಂದರಿನಲ್ಲಿ ಕೆಲಸ ಮಾಡುವವನು, ಒಳ್ಳೆಯ ಮನಸ್ಸಿನ ಯುವಕ. ಅವನು ಒಂದು ವಾರ ಅಭ್ಯಾಸದ ಅಂಗಿ ಒಗೆಯದೆ ಬೆವರು ಹರಿಸಬೇಕು, ಆ ಅಂಗಿಗೆ ತೆಂಗಿನೆಣ್ಣೆ, ಲವಂಗದ ಹೊಗೆ ಹಿಡಿಸಬೇಕು, ಹಳೆಯ ಅಂಗಿಯನ್ನು ಅದರೊಳಗೆ ಸುತ್ತಿಡಬೇಕು ಎಂದು ತೀರ್ಮಾನವಾಯಿತು. ಗೋಲ್‌ಕೀಪರಿಗೆ ಗೋಲ್‌ಕೀಪರೇ ಆಗಬೇಕು, ಫಾರ್ವರ್ಡಿನ ಬೆವರು ಬೇರೆ ಎಂದು ಸಕೀಮನ್ ಅಜ್ಜ ಪಟ್ಟು ಹಿಡಿದ.

ಇದು ಮೋಸ ಎಂದು ನಾನು ಹೇಳಿದೆ. ಸುತೇಜೋ ನನ್ನ ಮುಖ ನೋಡಲಿಲ್ಲ.

"ಹೋಗೋ ಜೀವಕ್ಕೆ ಸಮಾಧಾನ ಆಗತ್ತೆ ಅಂದ್ರೆ ಇಂಥ ಮೋಸ ನೂರು ಮಾಡ್ತೀನಿ ವೆನಿಂಗ್. ನಿಂಗೆ ಇದಕ್ಕಿಂತ ಒಳ್ಳೇದು ಗೊತ್ತಿದ್ರೆ ಹೇಳು."

ಆ ವಾರವೆಲ್ಲ ನಾನೇ ದಿನಾ ಆ ಗಂಟನ್ನು ಬಿಚ್ಚಿ ಮೂಸಿ ನೋಡುತ್ತಿದ್ದೆ. ಮಧ್ಯಾಹ್ನದ ಬಿಸಿಲು ಉಪ್ಪಿನ ಗದ್ದೆಯಿಂದ ಪುಟಿದು ಕೋಣೆಯ ಚಾವಣಿಯ ಮೇಲೆ ಅಲೆಯಾಡುವಾಗ, ಇದೇ ಅವನದಿರಬಹುದು, ಅವನೇ ಎಲ್ಲೋ ಮಿಂದು ಮೈ ಒರೆಸಿಕೊಂಡು ಬಂದಿರಬಹುದು ಎಂದು ನನಗೂ ಅನಿಸತೊಡಗಿತ್ತು.

ಅಂಗಿಯನ್ನು ಮನೆಗೆ ತರುತ್ತೇವೆಂದರೆ ತುಮಿರಾ ಅಜ್ಜಿ ಒಪ್ಪಲಿಲ್ಲ. ನಾನೇ ಬರುತ್ತೇನೆ ಎಂದಳು. ಸೈಕಲ್ ರಿಕ್ಷಾದಲ್ಲಿ ದಿಂಬು ಒರಗಿಸಿ ಎಸ್ತಿ ಕರೆದುಕೊಂಡು ಬಂದಳು. ಅಜ್ಜಿ ಹಳೆಯ ಕಂದು ಬಾಟಿಕ್ ಉಟ್ಟು, ಬಿಳಿ ರವಿಕೆ ತೊಟ್ಟು, ಎಲೆ ಅಡಿಕೆ ಹಾಕಿಕೊಂಡು ನೆಂಟರ ಮನೆಗೆ ಹೊರಟವಳಂತೆ ಬಂದಿದ್ದಳು. ಊರಿನ ಅರ್ಧ ಜನ ಕ್ರೀಡಾಂಗಣದ ಹತ್ತಿರ ಏನೋ ಕೆಲಸವಿದ್ದವರ ಹಾಗೆ ಸುಳಿದಾಡುತ್ತಿದ್ದರು. ಒಳಗೆ ನಾವು ಐದಾರು ಜನ. ಅವಳು ಕೈಚಾಚಿ ಚೆಂಡನ್ನು ಸವರಿ, ಇದು ಚೆಂಡೋ ಕುಂಬಳಕಾಯೋ ಎಂದಳು. ಎಲ್ಲರೂ ಬೇಕಾದ್ದಕ್ಕಿಂತ ಜೋರಾಗಿ ನಕ್ಕರು.

ನಾನು ಅಂಗಿಯನ್ನು ಅವಳ ಮಡಿಲಲ್ಲಿಟ್ಟೆ. ಅವಳು ಮೊದಲು ಹೊಲಿಗೆ ಮುಟ್ಟಿ ನೋಡಿದಳು. ಕುತ್ತಿಗೆಯ ಹತ್ತಿರ ಅವಳೇ ಹಾಕಿದ್ದ ಒಂದು ತೇಪೆಯಿತ್ತು, ಬೆರಳು ಅಲ್ಲಿ ಬಹಳ ಹೊತ್ತು ನಿಂತಿತು. ಆಮೇಲೆ ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಮುಖ ಮುಚ್ಚಿಕೊಂಡಳು. ಗಿಲಾಂಗ್ ಬಾಗಿಲ ಬಳಿ ನಿಂತಿದ್ದ. ನಾನು ಮನಸ್ಸಿನಲ್ಲೇ ದೇವರೇ ದೇವರೇ ಎನ್ನುತ್ತಿದ್ದೆ. ಆ ಸುಳ್ಳು ನಿಜವಾಗಲಿ ಎಂದು ನಾನು ಬೇಡಿದಷ್ಟು ಯಾವ ನಿಜಕ್ಕೂ ಬೇಡಿರಲಿಲ್ಲ.

ಅಜ್ಜಿ ಅಂಗಿ ಕೆಳಗಿಳಿಸಿದಳು.

"ಇದ್ಯಾವನು?" ಎಂದಳು. "ಇವನು ಮೊನ್ನೆ ಮೊನ್ನೆ ಹುಟ್ಟಿದೋನು. ಮೈಗೆ ಸೆಂಟ್ ಬೇರೆ ಹಾಕ್ಕೋತಾನೆ."

ಗಿಲಾಂಗ್ ತಲೆ ತಗ್ಗಿಸಿದ. ಸುತೇಜೋ ಮುಂದೆ ಬಂದು, ಹಳೆಯ ಬಟ್ಟೆ ಅಜ್ಜಿ, ಹವಾ ಬದಲಾಗಿ ವಾಸನೆ ತಿರುಗಿರುತ್ತದೆ ಎಂದು ಏನೇನೋ ಶುರು ಮಾಡಿದ. ನನಗೆ ತಡೆಯಲಾಗಲಿಲ್ಲ. ಅವಳ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ. ಸುರೋ, ಏಳು ಬಾವಿಯ ನೀರು, ನಿಂಬೆ, ಬೋಗುಣಿ, ಸೀಸೆ ಹಿಡಿದು ಬರುವ ಜನ, ಗಿಲಾಂಗನ ಬೆವರು. ಯಾವ ವರ್ಷವೂ ತಪ್ಪಿಸಿಲ್ಲ ಅಜ್ಜಿ, ನಿಮ್ಮ ಯಜಮಾನರ ಮೇಲಿನ ಗೌರವಕ್ಕೆ ಮಾಡಿದ್ದು ಎಂದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅಪ್ಪ ಬದುಕಿದ್ದರೆ ಅವರೂ ಅಳುತ್ತಿದ್ದರು.

ಅವಳು ಅಳಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟಳು.

"ನಮ್ಮತ್ತೆ ಒಗೆದುಬಿಡ್ತಾಳೆ ಅಂತ ಹೆದರಿಕೊಂಡು ಕಣೇ ಅದನ್ನ ಕಸ್ದಿಗೆ ಕೊಟ್ಟಿದ್ದು," ಎಂದಳು. "ಒಗೆಯೋನ ಕೈಗೇ ತಗೊಂಡೋಗಿ ಕೊಟ್ಟೆ ನೋಡು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ."

ನಗುತ್ತಾಳೇನೋ ಅನಿಸಿತು. ಬಾಯಿ ನಗುವಂತೆಯೇ ಇತ್ತು, ಆದರೆ ಭುಜ ನಡುಗುತ್ತಿತ್ತು. ಎಸ್ತಿ ಬಗ್ಗಿ ಅವಳನ್ನು ಹಿಡಿದುಕೊಂಡಳು. ಸಕೀಮನ್ ಅಜ್ಜ ಗೋಡೆಗೆ ಮುಖ ಮಾಡಿ ನಿಂತಿದ್ದ. ಇನ್ನು ಅವಳನ್ನು ಮನೆಗೆ ಕರೆದೊಯ್ಯುವುದಷ್ಟೇ ಉಳಿದದ್ದು ಎಂದುಕೊಂಡೆ.

ಆಗ ಅವಳು, ಇದನ್ನು ನನಗೆ ತೊಡಿಸಿ ಎಂದಳು.

ಬಟ್ಟೆ ಜೀರ್ಣವಾಗಿದೆ, ತೋಳು ಹಾಕಿದರೆ ಹರಿದೀತು ಎಂದು ಸುತೇಜೋ ತೊದಲಿದ. ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ, ಕೈ ಮೇಲೆತ್ತಿಯೇ ಇದ್ದಳು. ಎಸ್ತಿಯೂ ನಾನೂ ಸೇರಿ ರವಿಕೆಯ ಮೇಲೆಯೇ ಮೆಲ್ಲಗೆ ತೊಡಿಸಿದೆವು. ಅವಳು ಅದರೊಳಗೆ ಪುಟ್ಟ ಹುಡುಗಿಯಂತೆ ಕಂಡಳು. ತೋಳುಗಳನ್ನು ಎದೆಗೆ ಒತ್ತಿಕೊಂಡು, ಮಡಿಲು ಸರಿಮಾಡಿಕೊಂಡು, ಇದನ್ನು ಮನೆಗೆ ಒಯ್ಯುತ್ತೇನೆ, ನಾನು ಹೋದ ಮೇಲೆ ಎಸ್ತಿ ತಂದುಕೊಡುತ್ತಾಳೆ, ಆಮೇಲೆ ಯಾರೂ ಒಗೆಯಕೂಡದು ಎಂದಳು. ಸುತೇಜೋಗೆ ಇನ್ನೂ ಅರ್ಥವಾಗಿರಲಿಲ್ಲ. ಯಾಕೆ ಅಜ್ಜಿ, ಅವರದಂತೂ ಹೋಯಿತಲ್ಲ ಎಂದ.

"ಅವನು ಬಂದ್ರೆ ನೆಟ್ಟಗೆ ಮನೆಗೆ ಬರೋನಲ್ಲ ಕಣಪ್ಪ," ಎಂದಳು ತುಮಿರಾ ಅಜ್ಜಿ. "ಯಾವ ಊರಿಂದ ಬಂದ್ರೂ ಮೊದ್ಲು ಮೈದಾನ, ಆಮೇಲೆ ಗೆಳೆಯರು, ಆಮೇಲೆ ಊಟ, ಕಡೆಗೆ ನಾನು. ಈಗ್ಲೂ ಇಲ್ಲಿಗೇ ಬರ್ತಾನೆ. ಬಂದು ಇದನ್ನ ಎತ್ತಿ ಮೂಸಿದಾಗ ಬರೀ ನಿಂಬೆಹಣ್ಣಿನ ವಾಸನೆ ಬಂದ್ರೆ, ಮನೇಲಿ ಯಾರೂ ಕಾಯ್ತಿಲ್ಲ ಅಂದ್ಕೊಂಡು ಹಂಗೇ ಹೊರಟ್ಹೋಗ್ತಾನೆ."

ಅವಳನ್ನು ರಿಕ್ಷಾದಲ್ಲಿ ಕೂರಿಸಿದೆವು. ಗೋಲ್‌ಕೀಪರಿನ ಅಂಗಿ ತೊಟ್ಟು, ಹೆಗಲ ಶಾಲನ್ನು ತಲೆಗೆ ಎಳೆದುಕೊಂಡು, ಉಪ್ಪಿನ ಗದ್ದೆಗಳ ನಡುವಿನ ದಾರಿಯಲ್ಲಿ ಅವಳು ಹೋಗುವುದನ್ನು ಜನ ಎರಡೂ ಬದಿಗೆ ನಿಂತು ನೋಡಿದರು. ಬಿಸಿಲಿನಲ್ಲಿ ರಿಕ್ಷಾ ಕರಗುತ್ತ ಕರಗುತ್ತ ಹೋಗಿ, ಕೊನೆಗೆ ಹೊಳಪಷ್ಟೇ ಉಳಿಯಿತು.

ಸುರೋ ಬರುವ ಮುಂಚೆಯೇ ಅವಳು ತೀರಿಕೊಂಡಳು. ಅಲ್ಲಿಯವರೆಗೂ ಅಂಗಿಯನ್ನು ಮೈಯಿಂದ ತೆಗೆಯಲು ಬಿಡಲಿಲ್ಲವಂತೆ. ಸತ್ತ ನಲವತ್ತನೆಯ ದಿನದ ಊಟ ಮುಗಿದ ಮರುದಿನ ಎಸ್ತಿ ಅದನ್ನು ತಂದುಕೊಟ್ಟಳು. ಮೈನೋವಿಗೆ ಹಚ್ಚುವ ಕಾಯುಪುತಿ ಎಣ್ಣೆ, ಎಲೆ ಅಡಿಕೆ, ಸೌದೆಯ ಹೊಗೆ, ಜ್ವರದ ಬೆವರು. ಅವಳು ಕೋಣೆಯೊಳಗೆ ಬಂದು ಕೂತ ಹಾಗಾಯಿತು. ನಾನು ಅದನ್ನು ಮುಟ್ಟಿದ್ದು ಅಷ್ಟೇ, ಕಪಾಟಿನಲ್ಲಿ ಮೊಳೆಗೆ ತೂಗುಹಾಕಿ ಕೈ ತೆಗೆದೆ.

ಆ ಸಲದ ಸ್ನಾನದ ಬೆಳಿಗ್ಗೆ ಬೋಗುಣಿಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಚೆಂಡು ಮಿಂದಿತು, ಬೂಟು ಮಿಂದವು, ಸೀಟಿ ಮಿಂದಿತು. ಅಂಗಿಯ ಸರದಿ ಬಂದಾಗ ಮಸೀದಿಯ ಹಿರಿಯರು ಕೈ ಚಾಚಿದರು. ನಾನು ಕದಲಲಿಲ್ಲ. ಮೀಯಿಸದಿದ್ದರೆ ವಸ್ತು ಮುನಿಯುತ್ತದೆ, ಈ ಸಲದ ಆಟಗಳೆಲ್ಲ ಕೈಬಿಡುತ್ತವೆ ಎಂದು ಹಿಂದಿನಿಂದ ಯಾರೋ ಗೊಣಗಿದರು. ಸುತೇಜೋ ತಿರುಗಿ, ಸೋತರೆ ಸೋಲೋಣ ಎಂದ. ಹಿರಿಯರು ಚಾಚಿದ ಕೈಯನ್ನು ಹಿಂದೆಗೆದುಕೊಂಡು ಮುಂದಿನ ವಸ್ತುವಿನ ದುಆ ಶುರು ಮಾಡಿದರು. ಜನ ಎಂದಿನಂತೆ ಸೀಸೆ ತುಂಬಿಕೊಂಡು, ಅರಿಶಿನದ ಅನ್ನ ತಿಂದು ಹೊರಟರು.

ಎಲ್ಲ ಒರೆಸಿ ಒಳಗಿಟ್ಟು ನಾನು ಬೀಗ ಹಾಕಲು ಹೋದಾಗ ಸುತೇಜೋ ಇನ್ನೂ ಬಾಗಿಲಲ್ಲೇ ನಿಂತಿದ್ದ, ಸಮುದ್ರದ ಕಡೆಗೆ ನೋಡುತ್ತ.

"ಬೀಗ ಹಾಕ್ಬೇಡ ವೆನಿಂಗ್," ಎಂದ. "ಯಾವ ಹೊತ್ತಿಗೆ ಬರ್ತಾನೋ ಏನೋ."